ಬುಡದ ಮೇಲಿನ ಬಿಳಿ ಗೆರೆ, ಸಡಿಲ ಗುಳಿ, ಬಿರಿದ ಕುತ್ತಿಗೆ: ಖಾಲಿ ಹಿತ್ತಾಳೆ ಕೇಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ತೋಟಾದಲ್ಲಿ ನಾಲ್ಕು ಭಾಗ: ಗುಂಡು, ಮದ್ದು, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್, ಹಿತ್ತಾಳೆ ಕೇಸು. ಟ್ರಿಗರ್ ಎಳೆದ ಮೇಲೆ ಮೊದಲ ಮೂರರ ಕತೆ ಮುಗಿಯಿತು. ಮರಳಿ ಕೈಗೆ ಸಿಗುವುದು ಕೇಸು ಮಾತ್ರ. ಹಾರಿದ ಕೇಸನ್ನು ಮತ್ತೆ ತುಂಬುವ ರೀಲೋಡಿಂಗ್ ಮಾಡುವವರ ಉಳಿತಾಯವೂ ಅಲ್ಲೇ, ಅಪಾಯವೂ ಅಲ್ಲೇ.

ಇಲ್ಲಿರುವುದು ಕೇಸಿನ ವಿಚಾರ ಮಾತ್ರ. ಯಾವ ಮದ್ದು, ಎಷ್ಟು ತೂಕ ಎಂಬುದಕ್ಕೆ ಮದ್ದು ತಯಾರಕರ ಈಚಿನ ಕೈಪಿಡಿಯೇ ಪ್ರಮಾಣ. ತೋಟಾ ತುಂಬಲು ಪರವಾನಗಿ ಬೇಕೋ, ಖಾಸಗಿಯವರಿಗೆ ಅನುಮತಿಯೇ ಇಲ್ಲವೋ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಖಚಿತ ಮಾಡಿಕೊಳ್ಳದೆ ಡೈ (ಹಾರಿದ ಕೇಸನ್ನು ಮತ್ತೆ ಅಳತೆಗೆ ಹಿಸುಕುವ ಉಪಕರಣ), ಪ್ರೆಸ್ (ಡೈ ಕೂರಿಸಿ ಹಿಡಿ ಎಳೆಯುವ ಯಂತ್ರ) ಮುಟ್ಟಬೇಡಿ.

ಕೇಸಿನ ಭಾಗಗಳಿಗೆ ಮೈಯ ಹೆಸರುಗಳನ್ನೇ ಬಳಸಿದ್ದೇನೆ. ಗುಂಡು ಒಳಹೋಗುವ ತುದಿ ಬಾಯಿ. ಗುಂಡನ್ನು ಹಿಡಿದಿಡುವ ಕೊಳವೆ ಕುತ್ತಿಗೆ. ಅದು ಅಗಲವಾಗುವ ಇಳಿಜಾರು ಹೆಗಲು. ಮದ್ದು ತುಂಬುವುದು ಒಡಲು. ಕೆಳಗಿನ ದಪ್ಪ ಭಾಗ ಬುಡ; ಬುಡದ ನಡುವೆ ಪ್ರೈಮರ್ ಕೂರುವ ಗುಳಿ, ಗುಳಿಯಿಂದ ಒಡಲಿಗೆ ಬೆಂಕಿ ಹಾಯುವ ಕಿಡಿತೂತು.

ಒಂದು ಕೇಸನ್ನು ಎಷ್ಟು ಸಲ ಬಳಸಬಹುದು?

ಎಲ್ಲರ ಮೊದಲ ಪ್ರಶ್ನೆ ಇದು. ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. .38 ಸ್ಪೆಷಲ್ ತೋಟಾದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ); .308 ವಿಂಚೆಸ್ಟರ್‌ನದು 62,000. ಮೊದಲನೆಯದರ ಕೇಸು ಬಾಯಿ ಬಿರಿಯುವವರೆಗೂ ದುಡಿಯುತ್ತದೆ, ಕೆಲವೊಮ್ಮೆ ಲೆಕ್ಕವೇ ತಪ್ಪಿಹೋಗುವಷ್ಟು ಸಲ. ಎರಡನೆಯದನ್ನು ಗರಿಷ್ಠ ಒತ್ತಡದಲ್ಲೇ ಓಡಿಸಿದರೆ ನಾಲ್ಕೈದು ಸಲಕ್ಕೇ ಗುಳಿ ಸಡಿಲವಾಗಬಹುದು. ಒತ್ತಡ ಎಷ್ಟು, ಬಂದೂಕಿನಲ್ಲಿ ತೋಟಾ ಕೂರುವ ಚೇಂಬರ್ ಎಷ್ಟು ಸಡಿಲ, ಡೈ ಒಳಗೆ ಹಿತ್ತಾಳೆಯನ್ನು ಪ್ರತಿ ಸಲ ಎಷ್ಟು ಹಿಸುಕುತ್ತೀರಿ: ಆಯುಸ್ಸು ನಿಂತಿರುವುದು ಈ ಮೂರರ ಮೇಲೆ. ಹಾಗಾಗಿ ಎಣಿಕೆ ಇಟ್ಟುಕೊಳ್ಳಿ. ಆದರೆ ಕೇಸನ್ನು ನಿವೃತ್ತಿ ಮಾಡಬೇಕಾದ್ದು ಎಣಿಕೆ ನೋಡಿ ಅಲ್ಲ, ಕೇಸನ್ನೇ ನೋಡಿ.

ಹಿತ್ತಾಳೆಯೇ ಏಕೆ?

ಈ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಒತ್ತಡ ಏರಿದಾಗ ಅದು ಹಿಗ್ಗಿ ಚೇಂಬರ್ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಒಂದಿಷ್ಟು ಕುಗ್ಗುವುದರಿಂದ ಹೊರಗೆ ಎಳೆಯಲು ಬರುತ್ತದೆ. ಆದರೆ ಒಂದು ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಏನಾಗುತ್ತದೋ ಇಲ್ಲೂ ಅದೇ. ಹಿಗ್ಗಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತಾ ಹೋಗುತ್ತದೆ, ಕೊನೆಗೆ ಬಿರಿಯುತ್ತದೆ.

ಯಾವ ಕೇಸುಗಳನ್ನು ಮತ್ತೆ ತುಂಬಲು ಆಗುವುದೇ ಇಲ್ಲ?

ಮೊದಲು ಒಂದು ಅಯಸ್ಕಾಂತ ಹಿಡಿಯಿರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಹಾಗೆ ಹಳದಿಯಾಗಿರುವುದೆಲ್ಲ ಹಿತ್ತಾಳೆಯಲ್ಲ; ಉಕ್ಕಿನ ಕೇಸಿಗೆ ಹಿತ್ತಾಳೆಯ ತೆಳು ಲೇಪ ಬಳಿದದ್ದೂ ಉಂಟು. ಅಂಟಿದ್ದೆಲ್ಲ ಬದಿಗೆ. ಅಲ್ಯೂಮಿನಿಯಂ ಕೇಸುಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಮಂಕು ಬಿಳಿ ಬಣ್ಣ ಮತ್ತು ಹಗುರತನದಿಂದ ಗುರುತು ಸಿಗುತ್ತದೆ. ಅವೂ ಬದಿಗೆ. .22ರಂಥ ರಿಮ್‌ಫೈರ್ ಕೇಸಿನಲ್ಲಿ ಸಿಡಿಯುವ ವಸ್ತು ಅಂಚಿನ ಒಳಗೇ ಇರುವುದರಿಂದ ಬದಲಿಸಲು ಪ್ರೈಮರ್ರೇ ಇಲ್ಲ.

ಇನ್ನು ಉಳಿದದ್ದು ಬರ್ಡನ್ ಮತ್ತು ಬಾಕ್ಸರ್ ಎಂಬ ಎರಡು ಪ್ರೈಮರ್ ಪದ್ಧತಿ. ಬಾಯಿಯೊಳಗೆ ಟಾರ್ಚ್ ಬಿಟ್ಟು ತಳ ನೋಡಿ. ನಡುವೆ ಒಂದೇ ಕಿಡಿತೂತು ಇದ್ದರೆ ಬಾಕ್ಸರ್. ಸಾಮಾನ್ಯ ಡೈಯಿನ ಸೂಜಿ ಆ ತೂತಿನಲ್ಲೇ ಇಳಿದು ಹಳೆಯ ಪ್ರೈಮರನ್ನು ತಳ್ಳುತ್ತದೆ. ನಡುವಿನಿಂದ ಸರಿದ ಎರಡು ಸಣ್ಣ ತೂತು ಕಂಡರೆ ಬರ್ಡನ್. ಸೂಜಿ ಗಟ್ಟಿ ಹಿತ್ತಾಳೆಗೆ ಹೊಡೆದು ಮುರಿಯುತ್ತದೆ. ಎರಡೂ ಪೇಟೆಂಟ್ ಆದದ್ದು 1866ರಲ್ಲಿ. ತಮಾಷೆಯೆಂದರೆ ಹೈರಮ್ ಬರ್ಡನ್ ಅಮೆರಿಕದವನು, ಆದರೆ ಅವನ ಪದ್ಧತಿ ಬೇರೂರಿದ್ದು ಯೂರೋಪಿನಲ್ಲಿ. ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನವನು, ಅವನದು ಮನೆಮಾತಾದದ್ದು ಅಮೆರಿಕದಲ್ಲಿ. ಬರ್ಡನ್ ಕೇಸನ್ನು ವಿಶೇಷ ಉಪಕರಣ ಹಿಡಿದು ತುಂಬುವವರಿದ್ದಾರೆ. ನನಗೆ ಆ ತಾಳ್ಮೆ ಇಲ್ಲ.

ಶೂಟಿಂಗ್ ರೇಂಜಿನಲ್ಲಿ ಬಿದ್ದಿರುವ ಕೇಸುಗಳನ್ನು ಹೆಕ್ಕಿ ಬಳಸಬಹುದೇ?

ಪಿಸ್ತೂಲಿನ ಕಡಿಮೆ ಒತ್ತಡದ ಕೇಸುಗಳಾದರೆ ಚೆನ್ನಾಗಿ ಪರೀಕ್ಷಿಸಿ ಬಳಸುತ್ತೇನೆ. ಅಧಿಕ ಒತ್ತಡದ ರೈಫಲ್ ಕೇಸುಗಳನ್ನು ಹೆಕ್ಕುವುದಿಲ್ಲ. ಅದು ಮೊದಲ ಸಲ ಹಾರಿದ್ದೋ ಒಂಬತ್ತನೆಯ ಸಲವೋ, ಯಾರ ಚೇಂಬರ್ ಎಷ್ಟು ಸಡಿಲವಿತ್ತೋ, ಏನೂ ಗೊತ್ತಿಲ್ಲ. ಯಾರೋ ಸಾಕೆಂದು ಬಿಸಾಕಿದ್ದನ್ನು ನಾವು ನಿಧಿ ಅಂದುಕೊಂಡು ತಂದಿರಬಹುದು.

ಹೆಕ್ಕಿದರೆ ವಿಂಗಡಣೆಯೇ ದೊಡ್ಡ ಕೆಲಸ. 9×19ರ ಕೇಸಿನ ಉದ್ದ 19.15 ಮಿ.ಮೀ., 9×18 ಮಕರೋವ್‌ನದು 18.1, .380 ಎಸಿಪಿಯದು 17.3. ರಾಶಿಯಲ್ಲಿ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬುಡದ ಮೇಲಿನ ಅಚ್ಚು ಓದುವುದೊಂದೇ ದಾರಿ. 9 ಮಿ.ಮೀ. ಕೇಸು .40 ಕೇಸಿನೊಳಗೆ ಹೊಕ್ಕು ಕೂತಿರುವುದೂ ಉಂಟು, ಬಾಯಿಯ ಕಡೆಯಿಂದ ನೋಡದಿದ್ದರೆ ತಿಳಿಯುವುದೇ ಇಲ್ಲ. .45 ಎಸಿಪಿಯಲ್ಲಿ ಇನ್ನೊಂದು ಕಿರಿಕಿರಿ: ಹೆಚ್ಚಿನವಕ್ಕೆ 5.33 ಮಿ.ಮೀ. ವ್ಯಾಸದ ದೊಡ್ಡ ಪ್ರೈಮರ್, ಕೆಲವಕ್ಕೆ 4.45 ಮಿ.ಮೀ.ಯ ಚಿಕ್ಕದು. ಚಿಕ್ಕ ಗುಳಿಗೆ ದೊಡ್ಡ ಪ್ರೈಮರ್ ಒತ್ತಿದರೆ ಅದು ನಜ್ಜುಗುಜ್ಜಾಗುತ್ತದೆ, ಪ್ರೆಸ್ಸಿನ ಮೇಲೇ ಸಿಡಿಯಲೂಬಹುದು. ಕೈಗೆ ಪ್ರತಿರೋಧ ಸಿಕ್ಕ ಕೂಡಲೇ ನಿಲ್ಲಿಸಿ.

ಮೊದಲು ತೊಳೆಯಬೇಕೋ, ಮೊದಲು ನೋಡಬೇಕೋ?

ಎರಡು ಸಲ ನೋಡಿ. ಮಸಿ ಹಿಡಿದ ಕೇಸಿನ ಮೇಲೆ ಬಿರುಕಿನಿಂದ ಅನಿಲ ಸೋರಿದ ಕಪ್ಪು ಗೆರೆ ಎದ್ದು ಕಾಣುತ್ತದೆ. ಉಜ್ಜಿದ ಮೇಲೆ ಆ ಸಾಕ್ಷಿ ಮಾಯ. ಪ್ರೈಮರಿನ ಸುತ್ತ ಮಸಿ ಉಂಗುರ ಇದ್ದರೆ ಗುಳಿ ಸೋರಿದೆ ಎಂದರ್ಥ, ಅದೂ ತೊಳೆದರೆ ಹೋಯಿತು. ಹಾಗೆಯೇ ಕೂದಲೆಳೆಯ ಬಿರುಕು ಕಾಣಬೇಕಾದರೆ ಕೇಸು ಶುಭ್ರವಾಗಿರಬೇಕು. ಕೊಳೆಯಿದ್ದಾಗ ಒಮ್ಮೆ, ತೊಳೆದ ಮೇಲೆ ಒಮ್ಮೆ. ಕೇಸುಗಳನ್ನು ಉರುಳಿಸಿ ಉಜ್ಜುವ ಟಂಬ್ಲರಿನಿಂದ ಫಳಫಳ ಹೊಳೆಯುತ್ತಾ ಬಂದ ಕೇಸು ಚೊಕ್ಕಟವಾಗಿದೆ, ಅಷ್ಟೇ. ಅದು ಗಟ್ಟಿಯಾಗಿದೆ ಎಂದು ಹೊಳಪು ಹೇಳುವುದಿಲ್ಲ.

ಪರೀಕ್ಷೆ ಮಾಡುವಾಗ ನಿಖರವಾಗಿ ಏನನ್ನು ನೋಡಬೇಕು?

ನನ್ನ ಕ್ರಮ ಹೇಳುತ್ತೇನೆ. ಮೊದಲು ಕಿವಿಗೆ ಕೆಲಸ. ಏಳೆಂಟು ಕೇಸುಗಳನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಕುಲುಕುತ್ತೇನೆ. ಸರಿಯಿರುವವು ಗಂಟೆಯ ಹಾಗೆ ಕಿಣಿಕಿಣಿ ಅನ್ನುತ್ತವೆ. ಬಿರುಕು ಬಿಟ್ಟದ್ದೊಂದು ಸೇರಿದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಒಂದೊಂದೇ ತೆಗೆದು ಕುಲುಕುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಆಮೇಲೆ ಬಾಯಿ. ದೀಪದ ಕೆಳಗೆ ಕೇಸನ್ನು ಬೆರಳ ತುದಿಯಲ್ಲಿ ತಿರುಗಿಸಿ. ಕುತ್ತಿಗೆಯ ಬಿರುಕು ಉದ್ದುದ್ದ ಇರುತ್ತದೆ, ಬಾಯಿಯ ಅಂಚಿನಿಂದ ಕೆಳಕ್ಕೆ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ: ಅಂಚಿನ ಸುತ್ತ ಉಗುರು ಎಳೆದರೆ ಬಿರುಕಿನಲ್ಲಿ ತಡೆಯುತ್ತದೆ. ಹೆಗಲಿನ ಮೇಲೂ ಹೀಗೇ ನೋಡಿ. ಒಡಲಿನ ಮೇಲೆ ಉದ್ದ ಬಿರುಕಿದ್ದರೆ ಮಾತಾಡುವುದೇ ಬೇಡ. ಬುಡದ ಕಡೆ ಬಂದಂತೆ ಅಡ್ಡಗೆರೆಗಳನ್ನು ಹುಡುಕಿ. ಅದಕ್ಕೆ ಮುಂದಿನ ಪ್ರಶ್ನೆಯಲ್ಲಿ ಬರುತ್ತೇನೆ.

ಬುಡವನ್ನು ತಿರುಗಿಸಿ ನೋಡಿದಾಗ ಅಚ್ಚಿನ ಅಕ್ಷರಗಳ ಮೇಲೆ ಹೊಳೆಯುವ ದುಂಡು ಮಚ್ಚೆಯೊಂದು ಕಂಡರೆ, ಒತ್ತಡ ಅತಿಯಾಗಿ ಹಿತ್ತಾಳೆಯು ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಇಜೆಕ್ಟರ್ (ಕೇಸನ್ನು ಹೊರಕ್ಕೆ ಚಿಮ್ಮಿಸುವ ಕಡ್ಡಿ) ತೂತಿನೊಳಗೆ ಹರಿದಿದೆ ಎಂದು ತಿಳಿಯಿರಿ. ಅದು ಕೇಸಿನ ತಪ್ಪಲ್ಲ, ನಿಮ್ಮ ಮದ್ದಿನ ತೂಕದ ದೂರು. ಕೇಸನ್ನು ಎಸೆದು ಸುಮ್ಮನಾಗಬೇಡಿ, ಆ ಲೋಡನ್ನೂ ಇಳಿಸಿ. ಕೊನೆಗೆ ಗುಳಿ ಮತ್ತು ಕಿಡಿತೂತು. ಉಜ್ಜಲು ಬಳಸಿದ ಮುಸುಕಿನ ಜೋಳದ ದಿಂಡಿನ ಪುಡಿಯ ಕಾಳೊಂದು ಕಿಡಿತೂತಿನಲ್ಲಿ ಸಿಕ್ಕಿಕೊಂಡಿರುವುದನ್ನು ಎಷ್ಟು ಸಲ ನೋಡಿದ್ದೇನೋ.

ಬುಡದ ಮೇಲೆ ಸುತ್ತಲೂ ಹೊಳೆಯುವ ಗೆರೆ ಇದೆ. ಅಪಾಯವೇ?

ಎಲ್ಲ ಗೆರೆಯೂ ಅಪಾಯವಲ್ಲ, ಆದರೆ ಅಪಾಯಕಾರಿ ಗೆರೆಗಿಂತ ದೊಡ್ಡ ಅಪಾಯ ಈ ಕೆಲಸದಲ್ಲಿ ಕಡಿಮೆ. ಡೈ ಎಲ್ಲಿಯವರೆಗೆ ಇಳಿಯಿತೋ ಅಲ್ಲಿ ಒಂದು ಗುರುತು ಬೀಳುವುದು ಸಹಜ. ಅದು ಮೈಮೇಲಿನ ಉಜ್ಜಿದ ಗುರುತು. ಹೆದರಬೇಕಾದದ್ದು, ದಪ್ಪ ಬುಡ ಮುಗಿದು ತೆಳು ಗೋಡೆ ಶುರುವಾಗುವಲ್ಲಿ ಒಳಗಿನಿಂದ ಹಿತ್ತಾಳೆ ಸವೆದು ಹೊರಗೆ ಬೆಳ್ಳಗೆ ಕಾಣುವ ಕಿರಿದಾದ ಪಟ್ಟಿ. .308ರ ಅಳತೆಯ ಕೇಸಿನಲ್ಲಿ ಇದು ತಳದಿಂದ ಹೆಚ್ಚುಕಡಿಮೆ ಒಂದು ಸೆಂ.ಮೀ. ಮೇಲೆ.

ಇದು ಹುಟ್ಟುವ ಬಗೆ ಹೀಗೆ. ಬಂದೂಕಿನ ಸೂಜಿ ಪ್ರೈಮರಿಗೆ ಹೊಡೆದಾಗ ಕೇಸು ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿ ಮುಂಭಾಗದ ತೆಳು ಗೋಡೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ದಪ್ಪ ಬುಡ ಕಚ್ಚಿಕೊಳ್ಳದೆ ಹಿಂದಕ್ಕೆ, ಬೋಲ್ಟಿನ ಕಡೆಗೆ ಹೋಗುತ್ತದೆ. ನಡುವಿನ ಹಿತ್ತಾಳೆ ಎಳೆದ ರಬ್ಬರಿನ ಹಾಗೆ ತೆಳುವಾಗುತ್ತದೆ. ನಾವು ಡೈಯಿಂದ ಹೆಗಲನ್ನು ಮತ್ತೆ ಬಹಳ ಹಿಂದಕ್ಕೆ ತಳ್ಳಿದರೆ ಮುಂದಿನ ಸಲ ಅದೇ ಜಾಗ ಮತ್ತೆ ಎಳೆಯುತ್ತದೆ. ಹೀಗೆ ನಾಲ್ಕಾರು ಸಲವಾದರೆ ಕೇಸು ಎರಡು ತುಂಡು.

ಪರೀಕ್ಷೆಗೆ ಬೇಕಾದ್ದು ಒಂದು ಪೇಪರ್ ಕ್ಲಿಪ್. ಅದನ್ನು ನೇರ ಮಾಡಿ, ತುದಿಯನ್ನು ಒಂದೆರಡು ಮಿ.ಮೀ. ಅಡ್ಡಕ್ಕೆ ಬಗ್ಗಿಸಿ, ಆ ಕೊಕ್ಕೆಯನ್ನು ಅರದಿಂದ ಚೂಪು ಮಾಡಿ. ಬಾಯಿಯಿಂದ ಒಳಗಿಳಿಸಿ ತಳ ಮುಟ್ಟಿಸಿ, ಕೊಕ್ಕೆಯನ್ನು ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆಳೆಯಿರಿ. ಒಳ್ಳೆಯ ಕೇಸಿನಲ್ಲಿ ನುಣ್ಣಗೆ ಜಾರಿ ಬರುತ್ತದೆ. ಕೆಟ್ಟದ್ದರಲ್ಲಿ ಬುಡ ದಾಟಿದೊಡನೆ ಒಂದು ಹಳ್ಳಕ್ಕೆ ಬಿದ್ದು ತಡೆಯುತ್ತದೆ. ಒಮ್ಮೆ ಆ ತಡೆ ಬೆರಳಿಗೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ನಂಬಿಕೆ ಬಾರದಿದ್ದರೆ ಅಂಥ ಒಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿ. ಗೋಡೆಯೊಳಗೆ ಕೊರೆದಿಟ್ಟ ಕಾಲುವೆ ಕಾಣುತ್ತದೆ.

ಒಂದು ಕೇಸಿನಲ್ಲಿ ಹಳ್ಳ ಸಿಕ್ಕಿದರೆ ಅದೇ ಡಬ್ಬದ, ಅಷ್ಟೇ ಸಲ ಹಾರಿದ ಉಳಿದವನ್ನೂ ಒಂದೊಂದಾಗಿ ತಡಕಬೇಕು. ಬೋಲ್ಟ್ ರೈಫಲಿಗೆ ಡೈಯನ್ನು ಹೆಗಲು 0.025ರಿಂದ 0.05 ಮಿ.ಮೀ. ಮಾತ್ರ ಹಿಂದೆ ಸರಿಯುವಂತೆ ಹೊಂದಿಸಿಕೊಂಡರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ. ತಾನೇ ತುಂಬಿಕೊಳ್ಳುವ ರೈಫಲಿಗೆ ಇನ್ನೊಂದಿಷ್ಟು ಸಡಿಲ ಬೇಕಾಗುತ್ತದೆ.

ಕೇಸು ಚೇಂಬರಿನಲ್ಲೇ ತುಂಡಾದರೆ?

ಬುಡ ಮಾತ್ರ ಹೊರಗೆ ಬರುತ್ತದೆ, ಮುಂದಿನ ಕೊಳವೆ ಒಳಗೇ ಉಳಿಯುತ್ತದೆ. ನನಗೆ ಒಮ್ಮೆ ಆಗಿದೆ. ಸದ್ದು ಎಂದಿನಂತೆಯೇ ಇತ್ತು, ಮುಖಕ್ಕೆ ಬಿಸಿಗಾಳಿ ತಾಗಿದಂತಾಯಿತು ಅಷ್ಟೇ. ಮುಂದಿನ ತೋಟಾ ಅರ್ಧಕ್ಕೇ ನಿಂತಿತು, ನಾನು ಪೆದ್ದನ ಹಾಗೆ ಬೋಲ್ಟನ್ನು ಅಂಗೈಯಿಂದ ಗುದ್ದಿದೆ. ಪಕ್ಕದಲ್ಲಿದ್ದವರು ಕೂಗಿ ನಿಲ್ಲಿಸಿದರು. ನೆಲದಲ್ಲಿ ಬಿದ್ದಿದ್ದ ಕೇಸನ್ನು ಎತ್ತಿ ತೋರಿಸಿದಾಗ ಅದರ ಉದ್ದ ಬೆರಳಿನ ಅರ್ಧ ಗೆಣ್ಣೂ ಇರಲಿಲ್ಲ. ಕನ್ನಡಕ ಹಾಕಿದ್ದೆ. ತೋಟಾ ಪೂರ್ತಿ ಒಳಗೆ ಹೋಗದಿದ್ದರೆ ಒತ್ತಾಯ ಬೇಡ. ಬಂದೂಕನ್ನು ಖಾಲಿ ಮಾಡಿ, ಮುರಿದ ಕೇಸು ತೆಗೆಯುವ ಉಪಕರಣದಿಂದ ತೆಗೆಯಿರಿ ಅಥವಾ ಬಲ್ಲವರಿಗೆ ಕೊಡಿ.

ಪ್ರೈಮರ್ ಗುಳಿ ಸಡಿಲವಾಗಿದೆ ಎಂದು ತಿಳಿಯುವುದು ಹೇಗೆ?

ಕೈ ಉಪಕರಣದಿಂದ ಪ್ರೈಮರ್ ಕೂರಿಸಿ. ಪ್ರೆಸ್ಸಿನ ಉದ್ದ ಹಿಡಿಯಲ್ಲಿ ತಿಳಿಯದ ಬಿಗಿ ಬೆರಳಿಗೆ ತಿಳಿಯುತ್ತದೆ. ಹಿಡಿತವೇ ಇಲ್ಲದೆ ಜಾರಿ ಒಳಗೆ ಹೋದರೆ ಆ ಕೇಸಿನ ಆಯುಸ್ಸು ಮುಗಿಯಿತು. ಪ್ರೈಮರ್ ಬುಡದ ಮಟ್ಟಕ್ಕಿಂತ ಕೂದಲಷ್ಟು ಒಳಗೆ ಕೂರಬೇಕು, ಸುಮಾರು 0.05ರಿಂದ 0.13 ಮಿ.ಮೀ. ಮೇಜಿನ ಮೇಲೆ ನಿಲ್ಲಿಸಿದಾಗ ಕೇಸು ಅಲ್ಲಾಡಿದರೆ ಪ್ರೈಮರ್ ಎದ್ದು ಕೂತಿದೆ.

ಸೇನೆಯ ಕೇಸುಗಳಲ್ಲಿ ಏನು ವಿಶೇಷ?

ವೃತ್ತದೊಳಗೆ ಶಿಲುಬೆಯ ಗುರುತಿದ್ದರೆ ಅದು ನೇಟೋ ತೋಟಾ. ಇಂಥ ಕೇಸುಗಳಲ್ಲಿ ಪ್ರೈಮರ್ ಜಾರದಂತೆ ಗುಳಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ. ಹಳೆಯ ಪ್ರೈಮರ್ ತಳ್ಳಿದ ಮೇಲೆ ಆ ಅಂಚನ್ನು ಒತ್ತಿ ಅಥವಾ ಕೆರೆದು ಸರಿಮಾಡದಿದ್ದರೆ ಹೊಸದು ಓರೆಯಾಗಿ ನಜ್ಜಾಗುತ್ತದೆ. 7.62×51ರ (.308ರ ಸೇನಾ ಜೋಡಿ) ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೆ ಒತ್ತಡ ಹೆಚ್ಚು. ಆದ್ದರಿಂದ ಲೋಡನ್ನು ಕೆಳಗಿನಿಂದ ಮತ್ತೆ ಶುರುಮಾಡಬೇಕು.

ತೀರಾ ಹಳೆಯ ಕೇಸುಗಳಾದರೆ ಪಾದರಸದ ಪ್ರೈಮರಿನ ಭಯ. ಸಿಡಿದಾಗ ಬಿಡುಗಡೆಯಾದ ಪಾದರಸ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅವನ್ನು ಕಪಾಟಿನಲ್ಲಿ ಅಂದಕ್ಕೆ ಇಡಿ.

ಕೇಸು ಉದ್ದವಾಗುತ್ತದಂತೆ, ನಿಜವೇ?

ಹೌದು. ಹಿತ್ತಾಳೆ ಪ್ರತಿ ಸಲ ಬಾಯಿಯ ಕಡೆಗೆ ಹರಿಯುತ್ತದೆ. .308ರ ಗರಿಷ್ಠ ಉದ್ದ 51.18 ಮಿ.ಮೀ., ಕತ್ತರಿಸಬೇಕಾದ ಉದ್ದ 50.93. .223 ರೆಮಿಂಗ್ಟನ್‌ಗೆ 44.70 ಮತ್ತು 44.45. ಮಿತಿ ಮೀರಿದ ಬಾಯಿ ಚೇಂಬರಿನ ಕೊನೆಗೆ ತಗುಲಿ ಗುಂಡನ್ನು ಹಿಸುಕಿ ಹಿಡಿಯುತ್ತದೆ, ಗುಂಡು ಬಿಡಿಸಿಕೊಳ್ಳುವಷ್ಟರಲ್ಲಿ ಒತ್ತಡ ಎಲ್ಲಿಗೋ ಏರಿರುತ್ತದೆ. ಡೈಗೆ ಹಾಕಿದ ಮೇಲೆ ಅಳೆಯಿರಿ, ಮೊದಲಲ್ಲ. ಡೈಯೇ ಉದ್ದ ಮಾಡುತ್ತದೆ. ಕತ್ತರಿಸಿದ ಮೇಲೆ ಅಂಚಿನ ಒಳಹೊರಗನ್ನು ಸ್ವಲ್ಪ ಕೆರೆದು ನಯ ಮಾಡಿ. ಎರಡು ಮೂರು ಸಲ ಕತ್ತರಿಸಬೇಕಾಗಿ ಬಂದ ಕೇಸಿಗೆ ಪೇಪರ್ ಕ್ಲಿಪ್ ತಪ್ಪದೆ ಹಾಕಿ, ಮುಂದೆ ಬಂದ ಹಿತ್ತಾಳೆ ಎಲ್ಲಿಂದಲೋ ಬಂದದ್ದೇ ತಾನೆ.

ಕುತ್ತಿಗೆ ಕಾಯಿಸಿ ಮೆದು ಮಾಡುವುದು ಅಗತ್ಯವೇ?

ಅಗತ್ಯವಲ್ಲ, ಆದರೆ ಕುತ್ತಿಗೆಗಳು ಸಾಲಾಗಿ ಬಿರಿಯತೊಡಗಿದರೆ ಉಪಯೋಗ. ಕುತ್ತಿಗೆ ಮತ್ತು ಹೆಗಲನ್ನು ಕೆಲವೇ ಸೆಕೆಂಡು ಸುಮಾರು 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಗಡುಸು ಇಳಿಯುತ್ತದೆ. ಬುಡಕ್ಕೆ ಬಿಸಿ ಹೋಗಲೇಬಾರದು: ಬುಡ ಮೆದುವಾದರೆ ಅಷ್ಟು ಒತ್ತಡ ತಡೆಯಲು ಬೇರೇನೂ ಇಲ್ಲ, ಮೆದು ಮಾಡಿದ ಬುಡವನ್ನು ಮತ್ತೆ ಗಟ್ಟಿ ಮಾಡಲೂ ಬಾರದು. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ ಎಂಬುದು ಉಕ್ಕಿನ ಮಾತು, ಹಿತ್ತಾಳೆಗೆ ಹೊಂದುವುದಿಲ್ಲ. ನೀರು ಇಲ್ಲಿ ಬಿಸಿ ಕೆಳಗಿಳಿಯದಂತೆ ತಡೆಯುತ್ತದೆ ಅಷ್ಟೇ. ಬಣ್ಣ ನೋಡಿ ಅಂದಾಜಿಸುವ ಬದಲು ನಿಗದಿತ ಉಷ್ಣತೆಗೆ ಕರಗುವ ಬಣ್ಣವನ್ನು ಒಡಲಿಗೆ ಹಚ್ಚಿಕೊಳ್ಳಿ. ಹೊಸಬರು ಇದಕ್ಕೆ ಕೈ ಹಾಕದಿದ್ದರೇ ಒಳ್ಳೆಯದು.

ಮನೆಯ ಹಿತ್ತಾಳೆ ಪಾಲಿಶ್ ಬಳಸಬಹುದೇ? ವಿನೆಗರ್?

ಅಮೋನಿಯಾ ಇರುವ ಯಾವುದೂ ಬೇಡ. ಇದಕ್ಕೊಂದು ಹಳೆಯ ಕತೆಯಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಭಾರತದ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ಹಿತ್ತಾಳೆ ತೋಟಾಗಳು ಯಾರೂ ಮುಟ್ಟದೆ ತಾವಾಗಿಯೇ ಬಿರಿಯುತ್ತಿದ್ದವು. ಮಳೆಗಾಲದ ಕಾಟ ಎಂದೇ ಹೆಸರಾಗಿ, ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಆಯಿತು. ಕಾರಣ ವಿವರವಾಗಿ ತಿಳಿದದ್ದು 1921ರಲ್ಲಿ: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಲೋಹದೊಳಗೆ ತಯಾರಿಕೆಯಿಂದ ಉಳಿದ ಬಿಗಿತ, ಎರಡೂ ಕೂಡಿ ಬಿರುಕು. ನಮ್ಮ ಡೈಯಿಂದ ಬಂದ ಕೇಸಿನಲ್ಲೂ ಆ ಬಿಗಿತ ಇದ್ದೇ ಇರುತ್ತದೆ.

ವಿನೆಗರಿನಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಸತು ಕರಗಿ ಕೇಸು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲ್ಮೈಯ ತೆಳು ಗುಲಾಬಿ ಛಾಯೆ ಹೆದರುವಂಥದ್ದಲ್ಲ. ಕಲೆಯಿರುವಲ್ಲಿ ಗುಳಿಬಿದ್ದಿದ್ದರೆ ಎಸೆಯಿರಿ. ನೀರಿನಲ್ಲಿ ಚಿಟಿಕೆ ಸಿಟ್ರಿಕ್ ಆಮ್ಲ, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಸ್ಟೀಲ್ ಪಿನ್ನುಗಳು, ಇಷ್ಟು ಸಾಕು. ಒಣಗಿಸುವಾಗ ಒಳಗೆ ಹನಿ ಉಳಿಯದಿರಲಿ. ಆತುರಕ್ಕೆ ಒವನ್ನಿನಲ್ಲಿ ಇಟ್ಟರೆ 100 ಡಿಗ್ರಿ ದಾಟಬೇಡಿ, ಅಡುಗೆಯ ಒವನ್ ಅಂತೂ ಬೇಡ.

ಅಡುಗೆಯ ಒವನ್ ಏಕೆ ಬೇಡ?

ಸೀಸ. ಬಹುಪಾಲು ಪ್ರೈಮರುಗಳಲ್ಲಿ ಸೀಸದ ಸಂಯುಕ್ತ ಇದೆ, ಅದರ ಪುಡಿ ಹಾರಿಸಿದ ಕೇಸಿನೊಳಗೆ ಉಳಿದಿರುತ್ತದೆ. ಒಣ ಟಂಬ್ಲರಿನ ಧೂಳಿನಲ್ಲಿ ಇರುವುದೂ ಅದೇ. ಕೋಣೆಯೊಳಗೆ ಮುಚ್ಚಳ ತೆಗೆದು ಜರಡಿ ಹಿಡಿಯಬೇಡಿ, ಮಕ್ಕಳಿರುವಲ್ಲಿ ಮಾಡಲೇಬೇಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ನೀರಿನಲ್ಲಿ ತೊಳೆದರೆ ಧೂಳು ಏಳುವುದಿಲ್ಲ ನಿಜ, ಆದರೆ ಆ ಕೊಳಕು ನೀರಿನಲ್ಲೂ ಸೀಸವಿದೆ.

ನೆಗ್ಗಿದ ಕೇಸು?

ಬಾಯಿ ಸೊಟ್ಟಗಾದದ್ದು ಡೈಯಲ್ಲಿ ಸರಿಯಾಗುತ್ತದೆ. ಹೆಗಲಿನ ಮೇಲಿನ ನುಣುಪಾದ ಸಣ್ಣ ತಗ್ಗು ಡೈಗೆ ಎಣ್ಣೆ ಹೆಚ್ಚಾದ ಗುರುತು, ತೊಂದರೆಯಿಲ್ಲ. ಚೂಪಾದ ಮಡಿಕೆ ಇದ್ದರೆ ಬೇಡ.

ನಿಕಲ್ ಲೇಪದ ಕೇಸು?

ತುಕ್ಕು ಹಿಡಿಯುವುದಿಲ್ಲ, ಡೈಯಲ್ಲಿ ಸಲೀಸು. ಆದರೆ ಬಾಯಿ ಬೇಗ ಬಿರಿಯುತ್ತದೆ; ಲೇಪ ಸಿಪ್ಪೆ ಎದ್ದರೆ ಆ ಚೂರು ಡೈಯನ್ನು ಗೀಚುತ್ತದೆ. ಸಿಪ್ಪೆ ಕಂಡ ದಿನ ಬಿಟ್ಟುಬಿಡಿ.

ಲೆಕ್ಕ ಇಡುವುದು ಹೇಗೆ?

ಒಂದು ಡಬ್ಬಕ್ಕೆ ಒಂದೇ ತಯಾರಕರ, ಒಂದೇ ಸಲ ಕೊಂಡ, ಒಂದೇ ರೈಫಲಿನಲ್ಲಿ ಹಾರಿದ ಕೇಸುಗಳು. ಮುಚ್ಚಳದ ಒಳಗೆ ಒಂದು ಚೀಟಿ: ಎಷ್ಟನೆಯ ಸಲ, ಯಾವಾಗ ಕತ್ತರಿಸಿದ್ದು, ಎಷ್ಟು ಎಸೆದದ್ದು. ಐವತ್ತರಲ್ಲಿ ಐದು ಒಂದೇ ಸಲಕ್ಕೆ ಬಿರಿದರೆ ಉಳಿದ ನಲವತ್ತೈದಕ್ಕೂ ಅದೇ ವಯಸ್ಸು ಎಂಬುದನ್ನು ಈ ಚೀಟಿ ನೆನಪಿಸುತ್ತದೆ.

ಕೆಟ್ಟ ಕೇಸನ್ನು ಹೇಗೆ ಎಸೆಯಬೇಕು?

ಮೊದಲು ಇಕ್ಕಳದಿಂದ ಬಾಯಿಯನ್ನು ಚಪ್ಪಟೆ ಮಾಡಿ. ಬಿರುಕಿದೆ ಎಂದು ಬದಿಗಿಟ್ಟದ್ದು ತಿಂಗಳ ನಂತರ ಮತ್ತೆ ಒಳ್ಳೆಯ ರಾಶಿಗೆ ಸೇರಿ ಹೊಳೆಯುತ್ತಾ ಕೂರುವುದು ಇಲ್ಲಿ ಮಾಮೂಲು. ಆಮೇಲೆ ಗುಜರಿಗೆ, ಹಿತ್ತಾಳೆಗೆ ಬೆಲೆ ಇದ್ದೇ ಇದೆ. ಕೊಡುವ ಮುನ್ನ ಡಬ್ಬವನ್ನು ತಟ್ಟೆಗೆ ಸುರಿದು, ಹಾರದ ತೋಟಾ ಅಥವಾ ಹಾರದ ಪ್ರೈಮರ್ ಇರುವ ಕೇಸು ಒಂದೂ ಸೇರಿಲ್ಲವೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ಆ ಡಬ್ಬ ಮುಂದೆ ಹೋಗುವುದು ಕುಲುಮೆಗೆ.